ಗೆಳೆಯನ ಮ್ಯಾಕ್‌ನಲ್ಲಿ ವಿಂಡೋಸ್ ಆಟ

ನಮ್ಮ ಏಳು ಜನರ ವಾಟ್ಸಾಪ್ ಗುಂಪನ್ನು ಹೊರಗಿನವರು ಯಾರಾದರೂ ನೋಡಿದರೆ ಮಟ್ಕಾ ನಂಬರ್ ಇರಬೇಕು ಅಂದುಕೊಂಡಾರು. ಮಧ್ಯಾಹ್ನ ಒಂದೂವರೆಗೆ ಒಬ್ಬ '3' ಎಂದು ಹಾಕುತ್ತಾನೆ. ಇನ್ನೊಬ್ಬ '11' ಎನ್ನುತ್ತಾನೆ. ರಾತ್ರಿ ಒಂಬತ್ತಕ್ಕೆ '14' ಬರುತ್ತದೆ. ಇದು 'ಏಜ್ ಆಫ್ ಎಂಪೈರ್ಸ್ 2' ಆಡಿದವರ ಭಾಷೆ. ಆ ಆಟದಲ್ಲಿ ಅಂಕಿಯೊಂದನ್ನು ಟೈಪ್ ಮಾಡಿದರೆ ಎದುರಾಳಿಗೂ ಜೊತೆಗಾರನಿಗೂ ಒಂದು ದನಿ ಕೇಳುತ್ತದೆ. 3 ಅಂದರೆ ಊಟ ಕೊಡು, 5 ಅಂದರೆ ಚಿನ್ನ ಕೊಡು, 11 ಅಂದರೆ ದೊಡ್ಡ ನಗು, 14 ಅಂದರೆ ಆಟ ಶುರು ಮಾಡ್ರಪ್ಪ ಬೇಗ. ಹಾಸ್ಟೆಲ್ ಬಿಟ್ಟು ಇಷ್ಟು ವರ್ಷವಾದರೂ ನಮಗೆ ಹಸಿವಾದರೆ 3 ಎಂದೇ ಬರೆಯುತ್ತೇವೆ.

ಪತ್ರಿಕೋದ್ಯಮ ಎಂ.ಎ. ಓದುವಾಗ ವಿಭಾಗದ ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರ್‌ಗಳಿದ್ದವು, ನಡೆಯುತ್ತಿದ್ದುದು ಏಳು. ಹಗಲು ಅವುಗಳಲ್ಲಿ ಪ್ರಾಯೋಗಿಕ ಪತ್ರಿಕೆಯ ಪುಟ ಕಟ್ಟುತ್ತಿದ್ದೆವು. ಸಂಜೆ ಅಟೆಂಡರ್ ಅಣ್ಣ ಕೀಲಿ ಕೈ ನಮ್ಮ ಕೈಗಿಟ್ಟು ಚಹಾ ಕುಡಿಯಲು ಹೋದನೆಂದರೆ ಲ್ಯಾನ್ ಕೇಬಲ್ಲಿನ ಮೇಲೆ ಸಾಮ್ರಾಜ್ಯಗಳು ಏಳುತ್ತಿದ್ದವು. ಹಳೇ ಯಂತ್ರಗಳಲ್ಲಿ ಹುಲ್ಲು ಗುಲಾಬಿ ಬಣ್ಣಕ್ಕೂ ನೀರು ನೇರಳೆಗೂ ತಿರುಗುತ್ತಿತ್ತು. ನಮಗೆ ಅದೇ ಅಸಲಿ ಬಣ್ಣ ಎಂದು ಒಂದು ವರ್ಷ ನಂಬಿಕೆ. ನಮ್ಮಲ್ಲಿ ಬಹುತೇಕರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಟ್ಟಿಗೆ ಕಡಿದು, ಕುರಿ ಕಾಯ್ದು, ಹೊಲ ಮಾಡಿ ಊರು ಕಟ್ಟುವ ಆಟ ಅದು. ನಮ್ಮೂರಲ್ಲಿ ಮಾಡುತ್ತಿದ್ದ ಕೆಲಸವನ್ನೇ ಮೌಸಿನಲ್ಲಿ ಮಾಡುತ್ತಿದ್ದೇವಲ್ಲ ಎಂದು ನಗುತ್ತಿದ್ದೆವು.

ಆಮೇಲೆ ಎಲ್ಲರೂ ಚದುರಿದೆವು. ಒಬ್ಬ ರಾಯಚೂರಲ್ಲಿ, ಒಬ್ಬಳು ಹುಬ್ಬಳ್ಳಿಯಲ್ಲಿ, ಮೂವರು ಬೆಂಗಳೂರಲ್ಲಿ, ಒಬ್ಬ ಉಡುಪಿಯಲ್ಲಿ. ಏಳನೆಯವನು ಬಾದಾಮಿ ಕಡೆಯವನು, ಮಲಪ್ರಭೆಯ ದಂಡೆಯ ಹಳ್ಳಿ. ಬೆಂಗಳೂರಿನ ಒಂದು ಸಣ್ಣ ವಾಹಿನಿಯಲ್ಲಿ ವಿಡಿಯೊ ಎಡಿಟರ್ ಆಗಿದ್ದ. ನಾವೆಲ್ಲ ಅವನನ್ನು ಎಡಿಟರ್ ಅಂತಲೇ ಕರೆಯುವುದು.

2020ರ ಲಾಕ್‌ಡೌನ್‌ನಲ್ಲಿ ಅವನ ಕೆಲಸ ಹೋಯಿತು. ಎರಡು ತಿಂಗಳ ಸಂಬಳ ಬಾಕಿ ಇತ್ತು. ಅದರ ಬದಲಿಗೆ ಅವನು ಕೂತು ಎಡಿಟ್ ಮಾಡುತ್ತಿದ್ದ ಹಳೇ ಮ್ಯಾಕ್‌ಬುಕ್ ಒಂದನ್ನು ಕೊಟ್ಟು ಕಳಿಸಿದರು. 2015ರ ಮಾದರಿ, 128 ಜಿಬಿ ಜಾಗ. ಅದನ್ನು ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೋದ.

ಅದೇ ಹೊತ್ತಿಗೆ ನಾವು ಮತ್ತೆ ಆಡಲು ಶುರು ಮಾಡಿದ್ದೆವು. ಆಟದ 2013ರ ಎಚ್‌ಡಿ ಆವೃತ್ತಿಯನ್ನು ಹಿಂದೊಮ್ಮೆ ಸೇಲ್‌ನಲ್ಲಿ ಎಲ್ಲರೂ ಕೊಂಡಿದ್ದೆವು, ಅವನೂ ಕೊಂಡಿದ್ದ. ರಾತ್ರಿ ಒಂಬತ್ತಕ್ಕೆ ಆರು ಜನ ಸೇರುತ್ತಿದ್ದೆವು. ಅವನಿಗೆ ಬರಲಾಗುತ್ತಿರಲಿಲ್ಲ. ಆಟ ವಿಂಡೋಸ್‌ನದು, ಅವನ ಕೈಯಲ್ಲಿದ್ದುದು ಮ್ಯಾಕ್. ನಾವು ಆಡುವಾಗ ಅವನು ಫೋನಿನಲ್ಲಿ ಕಾಲ್ ಹಾಕಿಕೊಂಡು ಸುಮ್ಮನೆ ಕೇಳುತ್ತ ಇರುತ್ತಿದ್ದ. ಗುಂಪಿನಲ್ಲಿ 3 ಬರೆಯುವುದನ್ನೂ ಬಿಟ್ಟಿದ್ದ. 5 ಅಂತೂ ಅವನು ಯಾವತ್ತೂ ಬರೆದವನಲ್ಲ.

ಹೇಗಾದರೂ ಮಾಡಿ ಇವನನ್ನು ಆಟಕ್ಕೆ ಎಳೆದುಕೊಳ್ಳಬೇಕು ಎಂದು ನಾವು ಹಟಕ್ಕೆ ಬಿದ್ದೆವು. ನಮ್ಮಲ್ಲಿ ಯಾರೂ ಇಂಜಿನಿಯರ್ ಅಲ್ಲ. ಒಂದು ವಾರ ಓದಿದ ಮೇಲೆ ತಿಳಿದದ್ದು ಇಷ್ಟು.

ಮ್ಯಾಕ್‌ನಲ್ಲಿ ವಿಂಡೋಸ್ ಆಟ ಆಡಲು ಎರಡು ಮುಖ್ಯ ದಾರಿಗಳು. ಒಂದು ವೈನ್. 1993ರಿಂದ ಹಲವರು ಸೇರಿ ಕಟ್ಟುತ್ತ ಬಂದ ಉಚಿತ ತಂತ್ರಾಂಶ ಇದು. ಹದಿನೈದು ವರ್ಷ ದುಡಿದು 2008ರಲ್ಲಿ ಅದರ 1.0 ಆವೃತ್ತಿ ಹೊರತಂದರು. ಅದರೊಳಗೆ ವಿಂಡೋಸ್ ಇರುವುದಿಲ್ಲ. ಆಟ 'ಒಂದು ಕಿಟಕಿ ತೆರೆ', 'ಈ ಫೈಲ್ ಓದು', 'ಈ ಶಬ್ದ ನುಡಿಸು' ಎಂದು ವಿಂಡೋಸ್‌ನ ಭಾಷೆಯಲ್ಲಿ ಕೇಳುತ್ತದೆ. ವೈನ್ ನಡುವೆ ನಿಂತು ಅದನ್ನೇ ಮ್ಯಾಕ್‌ನ ಭಾಷೆಯಲ್ಲಿ ಹೇಳಿ ಕೆಲಸ ಮಾಡಿಸುತ್ತದೆ. ಅಂದರೆ ದುಭಾಷಿ. ಇನ್ನೊಂದು ದಾರಿ ಬೂಟ್ ಕ್ಯಾಂಪ್. ಇದು 2006ರಲ್ಲಿ ಆಪಲ್ ತಾನೇ ಕೊಟ್ಟದ್ದು. ಡಿಸ್ಕನ್ನು ಎರಡು ಪಾಲು ಮಾಡಿ, ಒಂದರಲ್ಲಿ ಮ್ಯಾಕ್, ಒಂದರಲ್ಲಿ ನಿಜವಾದ ವಿಂಡೋಸ್ ಹಾಕುವುದು. ಅಣ್ಣತಮ್ಮಂದಿರು ಮನೆಗೆ ನಡುಗೋಡೆ ಹಾಕಿದ ಹಾಗೆ.

ಡಿಸ್ಕ್ ಒಡೆಯುವುದು ಬೇಡ ಎಂದು ಮೊದಲು ವೈನ್ ಹಿಡಿದೆವು. ಅಲ್ಲಿ ಒಂದು ಪೆಟ್ಟು ಕಾದಿತ್ತು. 2019ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್‌ನ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್‌ನ ತಂತ್ರಾಂಶಗಳು ನಡೆಯುವುದೇ ನಿಂತುಹೋಗಿದೆ. ನಮ್ಮ ಆಟ 32 ಬಿಟ್‌ನದು. ಎಡಿಟರ್ ಲಾಕ್‌ಡೌನ್‌ಗೆ ಮುಂಚೆ ಕೈ ತುರಿಸಿ ಅಪ್‌ಡೇಟ್ ಒತ್ತಿದ್ದ. ಉಚಿತ ವೈನ್ ತೆರೆಯಲೇ ಇಲ್ಲ. ವೈನ್ ಮೇಲೇ ಕಟ್ಟಿದ, ಆದರೆ ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶವೊಂದರಲ್ಲಿ ಈ 32 ಬಿಟ್‌ನ ಸಮಸ್ಯೆಗೆ ಉಪಾಯವಿತ್ತು. ಅದರ ಎರಡು ವಾರದ ಉಚಿತ ಅವಧಿ ಪಡೆದೆವು. ಆಟ ತೆರೆಯಿತು! ಆವತ್ತು ರಾತ್ರಿ ಏಳೂ ಜನ ಕೂತೆವು. ಹನ್ನೆರಡನೇ ನಿಮಿಷಕ್ಕೆ 'ಔಟ್ ಆಫ್ ಸಿಂಕ್' ಎಂದು ಬರೆದು ಆಟ ಮುಗಿದೇ ಹೋಯಿತು. ಮತ್ತೆ ಶುರು ಮಾಡಿದರೆ ಒಂಬತ್ತನೇ ನಿಮಿಷಕ್ಕೆ.

ಯಾಕೆ ಹೀಗೆ ಎಂದು ಹುಡುಕಿದಾಗ ಸಿಕ್ಕ ವಿವರ ನಮಗೆ ಬಹಳ ಹಿಡಿಸಿತು. ಈ ಆಟದಲ್ಲಿ ಯುದ್ಧದ ಚಿತ್ರವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸುವುದಿಲ್ಲ. ನಿಧಾನದ ಇಂಟರ್ನೆಟ್ ಕಾಲದಲ್ಲಿ ಮಾಡಿದ ಆಟ, ಅಷ್ಟು ಸಾಗಿಸಲು ಆಗುತ್ತಿರಲಿಲ್ಲ. ಯಾರು ಯಾವ ಆಜ್ಞೆ ಕೊಟ್ಟರು ಎಂಬುದಷ್ಟೇ ಎಲ್ಲರಿಗೂ ಹೋಗುತ್ತದೆ. ಆಮೇಲೆ ಪ್ರತಿ ಯಂತ್ರವೂ ಇಡೀ ಯುದ್ಧವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಏಳೂ ಕಡೆ ಲೆಕ್ಕ ಒಂದೇ ಬರಬೇಕು. ಒಂದು ಕಡೆ ದಶಾಂಶದಷ್ಟು ವ್ಯತ್ಯಾಸವಾದರೂ ಒಬ್ಬನ ಊರಲ್ಲಿ ಸತ್ತ ಸೈನಿಕ ಇನ್ನೊಬ್ಬನ ಊರಲ್ಲಿ ಬದುಕಿರುತ್ತಾನೆ. ಆಗ ಆಟ ತಾನಾಗಿ ನಿಲ್ಲುತ್ತದೆ. ದುಭಾಷಿ ಎಷ್ಟೇ ಪ್ರಾಮಾಣಿಕನಾದರೂ ಎಲ್ಲೋ ಒಂದು ಕಡೆ ಲೆಕ್ಕ ಜಾರಿರಬೇಕು ಎಂದುಕೊಂಡೆವು.

ಉಳಿದದ್ದು ಬೂಟ್ ಕ್ಯಾಂಪ್. ಅದು ಕೇಳಿದ್ದು 64 ಜಿಬಿ ಖಾಲಿ ಜಾಗ. ಎಡಿಟರ್‌ನ ಮ್ಯಾಕ್‌ನಲ್ಲಿ ಇದ್ದದ್ದು 11. ಏನಿದೆ ಅದರಲ್ಲಿ ಅಷ್ಟೊಂದು ಎಂದು ಕೇಳಿದರೆ ಸ್ಕ್ರೀನ್‌ಶಾಟ್ ಕಳಿಸಿದ. 'ಹೊಳಿ 2019' ಎಂಬ ಒಂದೇ ಫೋಲ್ಡರ್ 62 ಜಿಬಿ.

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಬಂದ ಪ್ರವಾಹ ನಿಮಗೆ ನೆನಪಿರಬಹುದು. ಆಗ ರಜೆ ಹಾಕಿ ಊರಿಗೆ ಹೋದವನು ಗೆಳೆಯನ ಕ್ಯಾಮೆರಾದಲ್ಲಿ ಮೂರು ದಿನ ಚಿತ್ರೀಕರಿಸಿದ್ದ. ವಾಹಿನಿಗೆ ಕೊಟ್ಟರೆ ಅವರು ಬಳಸಿದ್ದು ಕೆಲವೇ ಸೆಕೆಂಡು. ಉಳಿದದ್ದು ಹಾಗೇ ಬಿದ್ದಿತ್ತು.

ಈಗ ನಾವು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾವು ಆರೂ ಜನ, ಪತ್ರಿಕೋದ್ಯಮ ಓದಿದವರು, ಗ್ರಾಮೀಣ ವರದಿಗಾರಿಕೆ ಬಗ್ಗೆ ಪ್ರಬಂಧ ಬರೆದವರು, ಅವನಿಗೆ ಹೇಳಿದ್ದು ಇದು: ಡಿಲೀಟ್ ಮಾಡೋ ಮಾರಾಯ. ಚಾನೆಲ್‌ನವರೇ ಹಾಕ್ಲಿಲ್ಲ, ಇನ್ನು ಯಾರು ನೋಡ್ತಾರೆ? ಒಬ್ಬ ನಗುವಿನ ಚಿತ್ರ ಹಾಕಿದ. ಇನ್ನೊಬ್ಬಳು '14' ಎಂದು ಬರೆದಳು, ಬೇಗ ಆಟ ಶುರು ಮಾಡು ಅಂತ.

ಎರಡು ದಿನ ಅವನಿಂದ ಉತ್ತರ ಇಲ್ಲ. ಮೂರನೇ ದಿನ ಒಂದು ಸಾಲು ಬಂತು. "ಅದರಾಗ ನಮ್ಮ ಓಣಿ ಐತ್ರೋ. ಈಗ ನೋಡೋಣ ಅಂದ್ರ ಅಲ್ಲಿ ಬರೇ ಅದರಾಗಷ್ಟ ಐತಿ."

ಮಣ್ಣಿನ ಮಾಳಿಗೆಯ ಮನೆಗಳ ಓಣಿ ಅದು. ಹಾಸ್ಟೆಲ್ ದಿನಗಳಲ್ಲಿ ಒಮ್ಮೆ ಜಾತ್ರೆಗೆ ಹೋದಾಗ ನಾವೆಲ್ಲ ಆ ಮಾಳಿಗೆಯ ಮೇಲೇ ಮಲಗಿದ್ದೆವು. ನೀರು ನಿಂತು ಗೋಡೆ ಕುಸಿದದ್ದು ನಮಗೆ ಗೊತ್ತಿತ್ತು. ಆಗ ಫೋನ್ ಮಾಡಿ ಅಯ್ಯೋ ಅಂದಿದ್ದೆವು. ಅದರ ಚಿತ್ರ ಇರುವುದು ಅವನ ಹತ್ತಿರ ಮಾತ್ರ ಎಂಬುದು ಹೊಳೆದಿರಲಿಲ್ಲ. ಆವತ್ತು ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.

ಮರುದಿನ ಆರು ಜನ ದುಡ್ಡು ಹಾಕಿ 1 ಟಿಬಿಯ ಹಾರ್ಡ್‌ಡಿಸ್ಕ್ ಕೊಂಡೆವು. ಅವನ ಊರಲ್ಲಿ ದಿನಕ್ಕೆ ಒಂದೂವರೆ ಜಿಬಿ ಡೇಟಾ. ವಿಂಡೋಸ್‌ನ ಫೈಲ್ ಸುಮಾರು 5 ಜಿಬಿ. ಹಾಗಾಗಿ ಅದನ್ನೂ ಇಲ್ಲೇ ಇಳಿಸಿ ಅದೇ ಡಿಸ್ಕಿಗೆ ಹಾಕಿ ಅಂಚೆಯಲ್ಲಿ ಕಳಿಸಿದೆವು. ಆರನೇ ದಿನಕ್ಕೆ ಮುಟ್ಟಿತು. ಚುಚ್ಚಿ ನೋಡಿದರೆ ಫೈಲ್ ಓದುತ್ತದೆ, ಹೊಸದೇನನ್ನೂ ಬರೆಯಲು ಬಿಡುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಇದನ್ನು ನಾವು ತಿಳಿದುಕೊಂಡದ್ದು ಡಿಸ್ಕ್ ಊರು ಮುಟ್ಟಿದ ಮೇಲೆ. ಕೊನೆಗೆ ವಿಂಡೋಸ್ ಫೈಲನ್ನು ಆ 11 ಜಿಬಿಯೊಳಗೇ ಇಳಿಸಿಕೊಂಡು, ಡಿಸ್ಕನ್ನು ಎರಡೂ ಕಡೆ ನಡೆಯುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, 'ಹೊಳಿ 2019' ಅನ್ನು ಅದಕ್ಕೆ ಸಾಗಿಸಿದ.

ಸಾಗುವ ಮುಂಚೆ ಫೋನನ್ನು ಪರದೆಯ ಮುಂದೆ ಹಿಡಿದು ನಮಗೆ ಒಂದಿಷ್ಟು ತೋರಿಸಿದ. ಶಾಲೆಯ ಕಾಳಜಿ ಕೇಂದ್ರ. ನೆಂದ ರೇಷನ್ ಕಾರ್ಡನ್ನು ಬೆಂಚಿನ ಮೇಲೆ ಒಣಹಾಕಿದ ಅಜ್ಜಿ. ಆಮೇಲೆ ಹಿಂದಿ ವಾಹಿನಿಯ ವರದಿಗಾರನೊಬ್ಬ ಬಂದಿದ್ದ ದೃಶ್ಯ. ಅವನಿಗೆ ನಮ್ಮ ಎಡಿಟರೇ ದುಭಾಷಿ. ಕ್ಯಾಮೆರಾ ಯಾರ ಕೈಗೋ ಕೊಟ್ಟು ನಡುವೆ ನಿಂತಿದ್ದಾನೆ. ರೈತರೊಬ್ಬರು ಉಳ್ಳಾಗಡ್ಡಿ ಬೆಳೆಯ ಬಗ್ಗೆ, ಬೀಜಕ್ಕೆ ಮಾಡಿದ ಸಾಲದ ಬಗ್ಗೆ, ನೀರು ಬಿಡುವ ಸುದ್ದಿ ತಮಗೆ ಯಾವ ಹೊತ್ತಿಗೆ ಮುಟ್ಟಿತು ಎಂಬುದರ ಬಗ್ಗೆ ನಾಲ್ಕು ನಿಮಿಷ ಮಾತಾಡುತ್ತಾರೆ. ಇವನು ವರದಿಗಾರನ ಕಡೆ ತಿರುಗಿ ಹಿಂದಿಯಲ್ಲಿ ಹೇಳುವುದು ಒಂದೇ ಮಾತು: ಬೆಳೆ ಎಲ್ಲ ಹೋಯಿತು ಅನ್ನುತ್ತಿದ್ದಾರೆ.

"ಅವತ್ತ ನಾನೂ ವೈನ್ ಆಗಿದ್ದೆ" ಅಂದ. "ನಾಕ್ ನಿಮಿಷದ್ದು ಒಂದ ಸಾಲು ಮಾಡಿ ಕೊಟ್ಟೆ. ಅವರಿಗೂ ನಮಗೂ ಔಟ್ ಆಫ್ ಸಿಂಕ್ ಆಗಿದ್ದು ಅಲ್ಲೇ." ನಾವು ನಗಲಿಲ್ಲ. ನಾವೆಲ್ಲರೂ ಮಾಡುವ ಕೆಲಸ ಅದೇ. ಊರಿನವರ ನಾಲ್ಕು ನಿಮಿಷವನ್ನು ಡೆಸ್ಕಿನವರಿಗೆ ಒಂದು ಸಾಲು ಮಾಡಿ ಕೊಡುವುದು. ಜಾಗ ಇಲ್ಲ ಎಂದರೆ ಆ ಸಾಲನ್ನೂ ತೆಗೆಯುವುದು.

ವಿಂಡೋಸ್ ಕೂತಿತು. ಆಟವೂ ಕೂತಿತು. ಒಂದು ಶನಿವಾರ ರಾತ್ರಿ ಏಳು ಜನ ಎರಡು ಗಂಟೆ ಹತ್ತು ನಿಮಿಷ ಆಡಿದೆವು, ಒಮ್ಮೆಯೂ ನಿಲ್ಲಲಿಲ್ಲ. ಅವನು ಎಲ್ಲರಿಗಿಂತ ಮೊದಲು ಸೋತ. ಸೋಲುವ ಮುಂಚೆ '5' ಎಂದು ಟೈಪ್ ಮಾಡಿದ. ಈ ಆಟದಲ್ಲಿ ಮಾರುಕಟ್ಟೆ ಕಟ್ಟಿದವರು ಜೊತೆಗಾರನಿಗೆ ಚಿನ್ನ ಕಳಿಸಬಹುದು. ಅವನ ತಂಡದಲ್ಲಿದ್ದ ಇಬ್ಬರೂ ಒಟ್ಟಿಗೆ ಕಳಿಸಿದರು. ಅಷ್ಟೂ ಚಿನ್ನ ಇಟ್ಟುಕೊಂಡೂ ಸೋತ. ನಾವೆಲ್ಲ 11 ಒತ್ತಿದೆವು.

ಇದನ್ನು ಓದಿ ನೀವೂ ಮ್ಯಾಕ್‌ನಲ್ಲಿ ಆಡಲು ಹೊರಟರೆ ಒಂದೆರಡು ಮಾತು. 2020ರ ನವೆಂಬರ್‌ನಿಂದ ಬಂದ ಎಂ1 ಮತ್ತು ನಂತರದ ಚಿಪ್‌ನ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲವೇ ಇಲ್ಲ. ಇಂಟೆಲ್‌ನ ಹಳೇ ಮ್ಯಾಕ್ ಇದ್ದವರಿಗೆ ಮಾತ್ರ ನಾವು ಹಿಡಿದ ದಾರಿ. ಹೊಸದರಲ್ಲಿ ವೈನ್ ಮೇಲೆ ಕಟ್ಟಿದ ಕ್ರಾಸ್‌ಓವರ್, ಇಲ್ಲವೇ ಪ್ಯಾರಲಲ್ಸ್ ಒಳಗೆ ವಿಂಡೋಸ್ 11ರ ಆರ್ಮ್ ಆವೃತ್ತಿ ಬಳಸುತ್ತಾರೆ. 2023ರ ಜೂನ್‌ನಲ್ಲಿ ಆಪಲ್ ತನ್ನದೇ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಕೊಟ್ಟ ಮೇಲೆ ದೊಡ್ಡ ಆಟಗಳೂ ಓಡತೊಡಗಿವೆ. ಅದರ ಒಳಗಿರುವುದೂ ವೈನ್. ಕಳ್ಳಾಟ ತಡೆಯಲು ವಿಂಡೋಸ್‌ನ ಬುಡದವರೆಗೆ ಇಳಿದು ಕಾವಲು ಕೂರುವ ವ್ಯಾಲರಂಟ್‌ನಂಥ ಆಟಗಳ ಆಸೆ ಬಿಡಿ, ಅಲ್ಲಿ ದುಭಾಷಿಗೆ ಪ್ರವೇಶವಿಲ್ಲ. ಹೊಸ ಚಿಪ್‌ನಲ್ಲಿ ಇಂಟೆಲ್ ತಂತ್ರಾಂಶ ನಡೆಸುವ ರೊಸೆಟಾ ಪೂರ್ತಿಯಾಗಿ ಇರುವುದು ಮ್ಯಾಕ್‌ಓಎಸ್ 27ರವರೆಗೆ, ಆಮೇಲೆ ಕೆಲವು ಹಳೇ ಆಟಗಳಿಗಷ್ಟೇ ಎಂದು ಆಪಲ್ 2025ರಲ್ಲಿ ಹೇಳಿದೆ. ಆದ್ದರಿಂದ ಅಪ್‌ಡೇಟ್ ಒತ್ತುವ ಮುಂಚೆ ಯಾವುದು ನಿಲ್ಲುತ್ತದೆ ಎಂದು ನೋಡಿಕೊಳ್ಳಿ. ಹಾರ್ಡ್‌ಡಿಸ್ಕ್ ಕಳಿಸುವುದಾದರೆ ಎಕ್ಸ್‌ಫ್ಯಾಟ್ ಮಾಡಿ ಕಳಿಸಿ. ಜಾಗ ಸಾಲದಿದ್ದರೆ, ಡಿಲೀಟ್ ಮಾಡು ಎನ್ನುವ ಮುಂಚೆ ಒಳಗೇನಿದೆ ಎಂದು ಕೇಳಿ.

ಎಡಿಟರ್ ಆ ಚಳಿಗಾಲದಲ್ಲಿ 'ಹೊಳಿ 2019' ಅನ್ನು ಇಪ್ಪತ್ತೆರಡು ನಿಮಿಷಕ್ಕೆ ಕತ್ತರಿಸಿದ. ರೈತರ ನಾಲ್ಕು ನಿಮಿಷ ಅದರಲ್ಲಿ ಪೂರ್ತಿ ಇದೆ. ಯಾವ ವಾಹಿನಿಗೂ ಕೊಡಲಿಲ್ಲ. ಪ್ರೊಜೆಕ್ಟರ್ ಎರವಲು ತಂದು ಊರಿನ ಶಾಲೆಯ ಗೋಡೆಯ ಮೇಲೆ ತೋರಿಸಿದ. ನಮ್ಮಲ್ಲಿ ನಾಲ್ವರು ಹೋಗಿದ್ದೆವು. ಓಣಿ ಬಂದಾಗ ಜನ ಎದ್ದು ನಿಂತು ಬೆರಳು ಮಾಡಿ, ಅದು ನಮ್ಮನಿ, ಅದು ನಿಮ್ಮನಿ ಅಂದರು. ಮುಗಿದ ಮೇಲೆ ಇನ್ನೊಮ್ಮೆ ಹಾಕು ಅಂದರು. ಅವನು ಇನ್ನೊಮ್ಮೆ ಹಾಕಿದ.

ರಾತ್ರಿ ಶಾಲೆಯ ಕಟ್ಟೆಯ ಮೇಲೆ ಕೂತಿದ್ದಾಗ ಎಲ್ಲರ ಫೋನೂ ಒಟ್ಟಿಗೆ ಸದ್ದು ಮಾಡಿತು. ಬರಲಾಗದೆ ಉಡುಪಿಯಲ್ಲೇ ಉಳಿದವನು ಗುಂಪಿನಲ್ಲಿ ಬರೆದಿದ್ದ: 14.