ತಂತಿಯ ಮೇಲಣ ಸಂಧಾನ

ಅಕ್ಷರಗಳಲ್ಲಿ ದೊಡ್ಡವು ಚಿಕ್ಕವು ಎಂಬ ಪಂಕ್ತಿಭೇದವಿಲ್ಲದ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ನನಗೆ, ಲಿನಕ್ಸಿನಲ್ಲಿ ನೆಟ್‌ವರ್ಕ್ ಕಾರ್ಡನ್ನು ಹದಕ್ಕೆ ತರುವ ಈಥ್‌ಟೂಲ್ ಎಂಬ ಕಮ್ಯಾಂಡಿನೊಳಗೆ ಚಿಕ್ಕ ಎಸ್ ಒಂದು ಕೆಲಸಕ್ಕೂ ದೊಡ್ಡ ಎಸ್ ಬೇರೊಂದಕ್ಕೂ ನಿಯುಕ್ತವಾಗಿದೆಯೆಂಬ ಸಂಗತಿ ಬಹುಕಾಲ ಮೈಗೂಡಲಿಲ್ಲ. ಉಳಿದ ಅನೇಕ ಅಕ್ಷರಗಳಿಗೆ ಒಂದು ನೇಮವುಂಟು: ಚಿಕ್ಕ ಜಿ ತೋರಿಸುತ್ತದೆ, ದೊಡ್ಡ ಜಿ ಬದಲಿಸುತ್ತದೆ; ಕೆ, ಸಿ, ಎಗಳೂ ಅದೇ ಸಂಪ್ರದಾಯದವು. ಎಸ್ ಮಾತ್ರ ತದ್ವಿರುದ್ಧ. ಚಿಕ್ಕದು ಬದಲಿಸುತ್ತದೆ, ದೊಡ್ಡದು ಅಂಕಿಅಂಶಗಳನ್ನು ಬರಿದೆ ತೋರಿಸಿ ಸುಮ್ಮನಾಗುತ್ತದೆ.

ಈ ಮಿತಭಾಷಿತ್ವಕ್ಕಾಗಿ ಯೂನಿಕ್ಸಿನ ಪೂರ್ವಾಚಾರ್ಯರನ್ನು ದೂರಲಾರೆ. ಅವರೆದುರಿಗಿದ್ದ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರಗಳನ್ನಷ್ಟೇ ಕಾಗದದ ಮೇಲೆ ಖಟಖಟನೆ ಒತ್ತುತ್ತಿದ್ದಾಗ, ಒಂದಕ್ಷರದಲ್ಲಿ ಮುಗಿಯುವ ಮಾತಿಗೆ ಹತ್ತನ್ನು ವೆಚ್ಚಮಾಡುವ ಉದಾರಿ ಯಾರಿದ್ದಾನು? 1998ರಲ್ಲಿ ಡೇವಿಡ್ ಮಿಲ್ಲರ್ ಈಥ್‌ಟೂಲನ್ನು ಬರೆಯುವ ವೇಳೆಗೆ ಕಾಗದ ಹೋಗಿ ಪರದೆ ಬಂದಿತ್ತು; ಸಂಸ್ಕಾರ ಹೋಗಿರಲಿಲ್ಲ.

ನಾನಿದ್ದ ಕಚೇರಿಯೊಂದರಲ್ಲಿ ಯಾರೋ ಮಹಾನುಭಾವರು ಸ್ವಿಚ್ಚನ್ನು 100 ಮೆಗಾಬಿಟ್ ಫುಲ್ ಡ್ಯುಪ್ಲೆಕ್ಸಿಗೆ ಬಿಗಿದು, ಆಟೋ ನೆಗೋಶಿಯೇಶನ್ನನ್ನು ನಿಲ್ಲಿಸಿ ಹೋಗಿದ್ದರು. 1995ರಲ್ಲಿ ಮಾನಕಕ್ಕೆ ಸೇರಿದ ಈ ಸಂಧಾನವಿಧಿಯಲ್ಲಿ ತಂತಿಯ ಎರಡು ತುದಿಗಳೂ ತಂತಮ್ಮ ಸಾಮರ್ಥ್ಯಗಳನ್ನು ಕಿರುಸ್ಪಂದಗಳ ಮೂಲಕ ನಿವೇದಿಸಿಕೊಂಡು, ಉಭಯರಿಗೂ ಸಾಧ್ಯವಾದವುಗಳಲ್ಲಿ ಶ್ರೇಷ್ಠವಾದುದನ್ನು ಆರಿಸಿಕೊಳ್ಳುತ್ತವೆ. ಮದುವೆಯ ಮಾತುಕತೆಯಲ್ಲಿ ಒಂದು ಕಡೆಯ ಹಿರಿಯರು ತುಟಿ ಬಿಚ್ಚದೆ ಕುಳಿತರೆ ಎದುರಿನವರು ಅವರನ್ನು ಏನೂ ಇಲ್ಲದವರೆಂದೇ ಎಣಿಸುವಂತೆ, ಮೌನಿಯಾದ ಸ್ವಿಚ್ಚಿನೆದುರು ನಮ್ಮ ಸರ್ವರ್ ವೇಗವನ್ನೇನೋ ಸಂಕೇತದಿಂದ ಗ್ರಹಿಸಿ, ಡ್ಯುಪ್ಲೆಕ್ಸಿನ ವಿಷಯದಲ್ಲಿ ನಿಯಮಾನುಸಾರ ಹಾಫಿಗೆ ಇಳಿಯಿತು. ಪಿಂಗ್ ಮಾಡಿದರೆ ಸರ್ವವೂ ಕುಶಲ. ದೊಡ್ಡ ಫೈಲೊಂದನ್ನು ಕಳುಹಿಸಿದರೆ ತೆವಳಾಟ. ದೊಡ್ಡ ಎಸ್ ಕೊಟ್ಟು ನೋಡಿದಾಗ, ಲೇಟ್ ಕೊಲಿಷನ್ ಎಂಬ ಸಾಲಿನ ಅಂಕಿ ನೋಡನೋಡುತ್ತಿದ್ದಂತೆ ಏರುತ್ತಿತ್ತು.

ಇಂತಹುದೇ ವೇಗವೆಂದು ಅಪ್ಪಣೆ ಕೊಡುವುದು ಬೇರೆ, ಸಂಧಾನದಲ್ಲಿ ಏನೇನನ್ನು ಹೇಳಬಹುದೆಂದು ಮೇರೆ ಗೊತ್ತುಮಾಡುವುದು ಬೇರೆ. ಅಡ್ವರ್ಟೈಸ್ ಎಂಬ ಆಯ್ಕೆ ಈ ಎರಡನೆಯ ಜಾತಿಯದು. ನನ್ನ ಪಕ್ಷಪಾತವೂ ಅದರತ್ತಲೇ. ತಾಮ್ರದ ತಂತಿಯ ಗಿಗಾಬಿಟ್ಟಿನಲ್ಲಂತೂ ಯಾವ ತುದಿಯ ಗಡಿಯಾರವನ್ನು ಯಾವ ತುದಿ ಅನುಸರಿಸಬೇಕೆಂಬುದೂ ಸಂಧಾನದಲ್ಲಿಯೇ ಇತ್ಯರ್ಥವಾಗಬೇಕಾದುದರಿಂದ, ಅದನ್ನು ನಿಲ್ಲಿಸುವಂತೆಯೇ ಇಲ್ಲ. ಗಿಗಾಬಿಟ್ ಒಂದನ್ನೇ ಹೇಳು ಎನ್ನಬಹುದು. ಆದರೆ ಇಷ್ಟು ವಿವೇಕದ ಆಯ್ಕೆಗೆ ಮೊದಲಲ್ಲಿ ದೊರೆತ ವೇಷವೋ, ಬರಿಯ ಸಂಖ್ಯೆ! ಹೆಕ್ಸ್ ಲೆಕ್ಕದಲ್ಲಿ 100 ಮೆಗಾಬಿಟ್ ಫುಲ್ಲಿಗೆ 8, ಗಿಗಾಬಿಟ್ ಫುಲ್ಲಿಗೆ 20, ಎರಡೂ ಬೇಕಾದರೆ 28. ಈ ಮಗ್ಗಿಯ ಚೀಟಿಯೊಂದು ನನ್ನ ಮೇಜಿನ ಗಾಜಿನಡಿಯಲ್ಲಿ ವರ್ಷಗಟ್ಟಲೆ ಹಳದಿಗಟ್ಟುತ್ತಿತ್ತು.

ಆ ಸಂಖ್ಯೆಗೆ ಮೀಸಲಾಗಿದ್ದುದು 32 ಬಿಟ್ಟುಗಳ ಜಾಗ. 10, 40 ಗಿಗಾಬಿಟ್ಟುಗಳ ನಾನಾ ಪ್ರಭೇದಗಳು ಬಂದು ಕುಳಿತ ಮೇಲೆ ಅದು ಸಾಲದಾಗಿ, 2016ರ ಲಿನಕ್ಸ್ 4.6ರಲ್ಲಿ ಕರ್ನಲಿನೊಡನೆ ವ್ಯವಹರಿಸುವ ದಾರಿಯನ್ನೇ ಅಗಲಗೊಳಿಸಬೇಕಾಯಿತು. ಮುಂದೆ ಪ್ರತಿಯೊಂದು ವಿಧದ ಹೆಸರನ್ನೇ ಬರೆದು ಪಕ್ಕದಲ್ಲಿ ಆನ್ ಅಥವಾ ಆಫ್ ಎನ್ನುವ ಸೌಲಭ್ಯವೂ ಒದಗಿತು. ಬೆರಳಿಗೆ ಶ್ರಮ ಹೆಚ್ಚೆಂಬುದು ದಿಟ. ಆದರೆ ಬರೆದವನು ಕೆಲಸ ಬಿಟ್ಟುಹೋದ ಮೇಲೆ ಅಪರಾತ್ರಿಯಲ್ಲಿ ಆ ಸ್ಕ್ರಿಪ್ಟನ್ನು ತೆರೆಯುವ ಬಡಪಾಯಿಗೆ ಚೀಟಿ ಹುಡುಕುವ ದೆಸೆಯಿಲ್ಲ. ಹಳೆಯ ಸಂಖ್ಯೆಗಳನ್ನೂ ಬಹಿಷ್ಕರಿಸಲಿಲ್ಲ. ಊರೂರ ಸರ್ವರುಗಳಲ್ಲಿ ಬೇರೂರಿದ 28ನ್ನು ಕಿತ್ತರೆ ಬೆಳಗಾಗುವುದರೊಳಗೆ ಯಾರ್ಯಾರ ಫೋನು ಬಂದೀತೆಂಬುದು ರಚನಕಾರರಿಗೂ ಗೊತ್ತು.