ಅಡುಗೆಮನೆ ಕಟ್ಟಿಕೊಂಡು ಯೆಲ್ಲೋಸ್ಟೋನ್‌ಗೆ

ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಮನೆಯ ಗಂಡಸರು ನಕಾಶೆ ನೋಡುತ್ತಾರೆ, ಮಕ್ಕಳು ಆಟಿಕೆ ಹುಡುಕುತ್ತಾರೆ. ಹೆಂಗಸರು ಮಾತ್ರ ಡಬ್ಬಗಳಿಗೆ ಸರಿಯಾದ ಮುಚ್ಚಳ ಹುಡುಕುತ್ತಿರುತ್ತಾರೆ. 2023ರ ಆಗಸ್ಟ್‌ನಲ್ಲಿ ನಾವು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಾಗ ನನ್ನ ಪಾಡೂ ಅದೇ ಆಗಿತ್ತು. ಆ ಸಲವಂತೂ ಡಬ್ಬಗಳ ಜೊತೆಗೆ ಇಡೀ ಅಡುಗೆಮನೆಯೇ ಹೊರಟಿತ್ತು!

ನಮ್ಮವರ ಉದ್ಯೋಗದ ನಿಮಿತ್ತ ನಾವಿರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಮಗಳಿಗೆ ಆಗ ಆರು ವರ್ಷ, ಮಗನಿಗೆ ಮೂರು. ಊರಿನಿಂದ ಅತ್ತೆ ಬಂದಿದ್ದರು. ಅವರಿಗೆ ಮೊಣಕಾಲು ನೋವು, ಹೊರಗಿನ ಊಟವೂ ಒಗ್ಗುವುದಿಲ್ಲ. ಉದ್ಯಾನದ ಒಳಗೆ ಹಲಾಲ್ ಊಟ ಸಿಗುವುದೂ ಕಷ್ಟ. ಆದ್ದರಿಂದ ಒಂದು ಆರ್.ವಿ.ಯನ್ನು ಬಾಡಿಗೆಗೆ ಪಡೆದೆವು. ಇಪ್ಪತ್ತೈದು ಅಡಿ ಉದ್ದದ ವಾಹನ. ಅದರೊಳಗೆ ಮಂಚ, ಫ್ರಿಜ್, ಗ್ಯಾಸ್ ಒಲೆ, ಸಿಂಕ್, ಶೌಚಾಲಯ, ಬಿಸಿನೀರು ಎಲ್ಲವೂ ಇತ್ತು. ಮಕ್ಕಳು ಅದಕ್ಕೆ ‘ಚಕ್ರದ ಮನೆ’ ಎಂದು ಹೆಸರಿಟ್ಟರು.

“ಇನ್ನು ನಿನಗೆ ಏನೂ ತೊಂದರೆಯಿಲ್ಲ, ಮನೆಯಲ್ಲೇ ಇದ್ದಂತೆ” ಎಂದರು ನಮ್ಮವರು. ಮನೆಯಲ್ಲೇ ಇದ್ದಂತೆ ಎಂಬುದೇ ತೊಂದರೆ ಎಂದು ನನಗೆ ಆಗ ಹೊಳೆಯಲಿಲ್ಲ.

ಹೊರಟೆವು

ಸಾಲ್ಟ್ ಲೇಕ್‌ನಿಂದ ಉದ್ಯಾನದ ಪಶ್ಚಿಮ ದ್ವಾರಕ್ಕೆ ಸುಮಾರು 500 ಕಿಲೋಮೀಟರ್. ಮೊದಲ ತಿರುವಿನಲ್ಲೇ ಕಪಾಟಿನ ಬಾಗಿಲು ತೆರೆದುಕೊಂಡು ತೊಗರಿಬೇಳೆಯ ಡಬ್ಬ ಉರುಳಿ ಬಂತು. ಚಿಲಕ ಹಾಕಲು ಮರೆತವಳು ನಾನೇ. ಚಕ್ರದ ಮನೆಯ ಮೊದಲ ಪಾಠ ಇದು: ಹೊರಡುವ ಮೊದಲು ಪ್ರತಿಯೊಂದು ಬಾಗಿಲನ್ನೂ ಕೈಯಿಂದ ಎಳೆದು ನೋಡಬೇಕು. ಎರಡನೆಯ ಪಾಠ ಮಕ್ಕಳದ್ದು. ಒಳಗೆ ಎಷ್ಟೇ ಜಾಗವಿದ್ದರೂ ವಾಹನ ಚಲಿಸುವಾಗ ಎದ್ದು ಓಡಾಡುವಂತಿಲ್ಲ, ತಮ್ಮ ಸೀಟಿನಲ್ಲಿ ಬೆಲ್ಟ್ ಕಟ್ಟಿಯೇ ಕೂರಬೇಕು.

ಯೆಲ್ಲೋಸ್ಟೋನ್ 1872ರಲ್ಲಿ ಸ್ಥಾಪನೆಯಾದ, ಅಮೆರಿಕದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ ಸುಮಾರು 9,000 ಚದರ ಕಿಲೋಮೀಟರ್. ವಯೋಮಿಂಗ್, ಮೊಂಟಾನಾ, ಐಡಹೊ ಎಂಬ ಮೂರು ರಾಜ್ಯಗಳಲ್ಲಿ ಇದು ಹರಡಿದೆ. ನೆಲದಡಿಯಲ್ಲಿ ಒಂದು ದೈತ್ಯ ಜ್ವಾಲಾಮುಖಿಯ ಶಾಖವಿದೆ. ಅದರಿಂದಾಗಿಯೇ ಇಲ್ಲಿ ಬಿಸಿನೀರಿನ ಬುಗ್ಗೆಗಳು, ಕುದಿಯುವ ಕೆಸರಿನ ಗುಂಡಿಗಳು, ಆವಿಯ ರಂಧ್ರಗಳು ಹತ್ತು ಸಾವಿರಕ್ಕೂ ಹೆಚ್ಚಿವೆ. ಆಕಾಶಕ್ಕೆ ಚಿಮ್ಮುವ ‘ಗೀಸರ್’ಗಳೇ 500ಕ್ಕೂ ಹೆಚ್ಚು. ಜಗತ್ತಿನ ಗೀಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯೇ ಇವೆ.

ಹಾರಿದ ಟೋಪಿ

ಮೊದಲ ರಾತ್ರಿ ಪಶ್ಚಿಮ ದ್ವಾರದ ಹೊರಗಿನ ಊರಿನಲ್ಲಿ ತಂಗಿ, ಬೆಳಿಗ್ಗೆ ಬೇಗ ಒಳಹೊಕ್ಕೆವು. ಮೊದಲು ನೋಡಿದ್ದು ‘ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್’ ಎಂಬ ಬಿಸಿನೀರಿನ ಕೊಳ. ನೂರು ಮೀಟರಿಗಿಂತ ಹೆಚ್ಚು ಅಗಲ. ನಡುವೆ ಕಡುನೀಲಿ, ಅಂಚಿಗೆ ಬರುತ್ತಾ ಹಸಿರು, ಹಳದಿ, ಕಿತ್ತಳೆ. ಅಂಚಿನ ಬಣ್ಣಗಳು ಶಾಖವನ್ನು ಇಷ್ಟಪಡುವ ಸೂಕ್ಷ್ಮಜೀವಿಗಳಿಂದ ಬಂದವು. 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಯೆಲ್ಲೋಸ್ಟೋನಿನ ಇಂಥದೇ ಒಂದು ಬಿಸಿ ಬುಗ್ಗೆಯಿಂದ ‘ಥರ್ಮಸ್ ಅಕ್ವಾಟಿಕಸ್’ ಎಂಬ ಬ್ಯಾಕ್ಟೀರಿಯಾವನ್ನು ಸಂಗ್ರಹಿಸಿದರು. ಅದರಲ್ಲಿ ದೊರೆತ ಕಿಣ್ವವು ಮುಂದೆ ಪಿ.ಸಿ.ಆರ್. ಪರೀಕ್ಷೆಗೆ ದಾರಿ ಮಾಡಿತು. ಕೊರೋನಾ ಕಾಲದಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಮಾಡಿಸಿದ ಪರೀಕ್ಷೆಯ ಮೂಲ ಇಂಥ ಬಿಸಿನೀರಿನಲ್ಲಿದೆ ಎಂದಾಗ ಅತ್ತೆ “ಸುಬ್‌ಹಾನಲ್ಲಾಹ್!” ಎಂದರು.

ಕೊಳದ ಸುತ್ತ ನಡೆಯಲು ಹಲಗೆಯ ದಾರಿ ಮಾಡಿದ್ದಾರೆ. ಕೆಳಗಿನ ನೆಲ ಗಟ್ಟಿಯಾಗಿ ಕಂಡರೂ ಹಲವೆಡೆ ಅದು ತೆಳುವಾದ ಹೊರಪದರ ಮಾತ್ರ. ಅದರ ಅಡಿಯಲ್ಲಿ ಸುಡುನೀರು ಇರುತ್ತದೆ. ಯೆಲ್ಲೋಸ್ಟೋನಿನ ಪ್ರಾಕೃತಿಕ ಅಪಾಯಗಳಲ್ಲಿ ಅತಿ ಹೆಚ್ಚು ಜನ ಗಾಯಗೊಂಡದ್ದು, ಸತ್ತದ್ದು ಕರಡಿಯಿಂದಲ್ಲ, ಈ ಬಿಸಿ ಬುಗ್ಗೆಗಳಿಂದ. ಹಲವೆಡೆ ದಾರಿಯ ಬದಿಗೆ ಕಟಕಟೆಯೂ ಇಲ್ಲ.

ಒಂದು ಗಾಳಿ ಬೀಸಿತು. ಮಗನ ಟೋಪಿ ಹಾರಿ ಹಲಗೆಯಿಂದ ಎರಡು ಮಾರು ದೂರ ಬಿತ್ತು. “ನನ್ನ ಟೋಪಿ!” ಎಂದು ಅವನು ನನ್ನ ಕೈ ಕೊಸರಿ ನುಗ್ಗಿದ. ಒಂದು ಕಾಲು ಹಲಗೆಯ ಅಂಚಿನಲ್ಲಿದ್ದಾಗ ಹಿಂದಿದ್ದ ಅತ್ತೆ ಅವನ ಅಂಗಿಯ ಕಾಲರನ್ನು ಹಿಡಿದೆಳೆದರು. ಮೊಣಕಾಲು ನೋವಿನ ನನ್ನ ಅತ್ತೆ ಅಷ್ಟು ಚುರುಕಾಗಿ ಚಲಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಟೋಪಿ ಅಲ್ಲೇ ಉಳಿಯಿತು. ಅದನ್ನು ತೆಗೆಯಲು ಯಾರೂ ಇಳಿಯಬಾರದು. ಮಗ ಅತ್ತ, ನಾನೂ ಅತ್ತೆ. ಆಮೇಲೆ ಇಡೀ ಪ್ರವಾಸದಲ್ಲಿ ಹಲಗೆಯ ಮೇಲೆ ಅವನು ನಡೆದದ್ದು ಒಬ್ಬರಲ್ಲ, ಇಬ್ಬರ ಕೈ ಹಿಡಿದು.

ಎರಡು ವಿಷಲ್

ಅಲ್ಲಿಂದ ‘ಓಲ್ಡ್ ಫೇಯ್ತ್‌ಫುಲ್’ಗೆ ಹೋದೆವು. ಇದು ಇಲ್ಲಿನ ಅತ್ಯಂತ ಪ್ರಸಿದ್ಧ ಗೀಸರ್. ಸರಾಸರಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಎತ್ತರ 32ರಿಂದ 56 ಮೀಟರ್. ಮುಂದಿನ ಬಾರಿ ಯಾವಾಗ ಎಂಬ ಅಂದಾಜು ಸಮಯವನ್ನು ಫಲಕದಲ್ಲಿ ಹಾಕಿರುತ್ತಾರೆ. ಹತ್ತು ನಿಮಿಷ ಹಿಂದೆಮುಂದೆ ಆಗಬಹುದು.

ಮಕ್ಕಳಿಗೆ ಹಸಿವು. ನನ್ನ ಕೈ ಇನ್ನೂ ನಡುಗುತ್ತಿತ್ತು. “ನೀವು ಹೋಗಿ ಜಾಗ ಹಿಡಿಯಿರಿ, ಅನ್ನ ಒಂದು ಆಗಲಿ, ಬರುತ್ತೇನೆ” ಎಂದು ಅವರನ್ನು ಕಳುಹಿಸಿದೆ. ಆ ಜಾಗ ಸಮುದ್ರಮಟ್ಟದಿಂದ 2,200 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ನೀರು 100 ಡಿಗ್ರಿಯಲ್ಲಲ್ಲ, ಸುಮಾರು 93 ಡಿಗ್ರಿಯಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ನಮ್ಮ ಕುಚ್ಚಲಕ್ಕಿ ಬೇಯಬೇಕಾದರೆ ಸಂಜೆಯಾದೀತು! ಕುಕ್ಕರ್ ಇಟ್ಟು ವಿಷಲ್ ಎಣಿಸುತ್ತಾ ನಿಂತೆ.

ಇನ್ನು ಎರಡು ವಿಷಲ್ ಬಾಕಿ ಇದ್ದಾಗ ಹೊರಗಿನಿಂದ ಜನರ ಕೂಗು, ಚಪ್ಪಾಳೆ ಕೇಳಿಸಿತು. ಉರಿಯುವ ಒಲೆ ಬಿಟ್ಟು ಹೋಗುವಂತಿರಲಿಲ್ಲ. ಆರಿಸಿ ಓಡಿದರೆ ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಚಿಮ್ಮುವುದು ಒಂದೂವರೆಯಿಂದ ಐದು ನಿಮಿಷ ಮಾತ್ರ. ಸಿಂಕ್‌ನ ಮೇಲಿನ ಪುಟ್ಟ ಕಿಟಕಿಯಿಂದ ಇಣುಕಿದೆ. ಪಕ್ಕದ ಬಸ್ಸಿನ ಗೋಡೆ ಕಾಣಿಸಿತು.

ಮಗಳು ಓಡಿ ಬಂದಳು. “ಉಮ್ಮಾ, ಎಷ್ಟೆತ್ತರ ಗೊತ್ತಾ! ನೀವು ಯಾಕೆ ಬರಲಿಲ್ಲ?” ನಾನು ಉತ್ತರ ಹೇಳದೆ ಬಟ್ಟಲು ಜೋಡಿಸಿದೆ. ಊಟ ಮಾಡುತ್ತಾ ನಮ್ಮವರು “ಸಾರು ಚೆನ್ನಾಗಿದೆ” ಎಂದಾಗ ಕಣ್ಣು ತುಂಬಿ ಬಂತು.

ಅತ್ತೆ ಹೇಳಿದ ಮಾತು

ಸಂಜೆ ‘ಫಿಶಿಂಗ್ ಬ್ರಿಡ್ಜ್’ ಎಂಬಲ್ಲಿನ ಆರ್.ವಿ. ತಂಗುದಾಣ ಸೇರಿದೆವು. ದಾರಿಯಲ್ಲಿ ಖಂಡದ ಜಲವಿಭಜಕ ರೇಖೆಯನ್ನು ದಾಟುತ್ತೇವೆ. ಅಲ್ಲೊಂದು ಪುಟ್ಟ ಕೆರೆಯಿದೆ, ಐಸಾ ಕೆರೆ. ಅದರ ಒಂದು ತುದಿಯ ನೀರು ಅಟ್ಲಾಂಟಿಕ್ ಕಡೆಗೂ ಇನ್ನೊಂದು ತುದಿಯ ನೀರು ಪೆಸಿಫಿಕ್ ಕಡೆಗೂ ಹರಿಯುತ್ತದೆ. “ನಮ್ಮ ಘಟ್ಟದ ಹಾಗೆ. ಆಚೆ ಬಿದ್ದ ಮಳೆ ಮೂಡಣಕ್ಕೆ, ಈಚೆ ಬಿದ್ದದ್ದು ನಮ್ಮ ಕಡಲಿಗೆ” ಎಂದರು ಸುಳ್ಯದ ಕಡೆಯವರಾದ ಅತ್ತೆ.

ತಂಗುದಾಣದಲ್ಲಿ ವಾಹನಕ್ಕೆ ವಿದ್ಯುತ್, ನೀರು, ಕೊಳಚೆ ಹೋಗುವ ಪೈಪು ಮೂರನ್ನೂ ಜೋಡಿಸಬಹುದು. ಇಡೀ ಉದ್ಯಾನದಲ್ಲಿ ಈ ಸೌಕರ್ಯವಿರುವುದು ಇಲ್ಲಿ ಮಾತ್ರ. ಗ್ರಿಜ್ಲಿ ಕರಡಿಗಳು ಓಡಾಡುವ ಜಾಗವಾದ್ದರಿಂದ ಇಲ್ಲಿ ಡೇರೆ ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ. ತಿನ್ನುವ ಒಂದು ವಸ್ತುವನ್ನೂ ಹೊರಗೆ ಬಿಡಬಾರದು. ಅತ್ತೆ ತಂದಿದ್ದ ಒಣಸಿಗಡಿ ಚಟ್ನಿಯನ್ನು ಮೂರು ಮುಚ್ಚಳದೊಳಗೆ ಇಟ್ಟೆವು!

ಮಕ್ಕಳು ಮಲಗಿದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕುಳಿತು ಹೇಳಿದರು:

“ಮಗಳೇ, ನಿನ್ನ ಮಾವ ಇದ್ದಾಗ ನಾವು ಜೋಗಕ್ಕೆ ಹೋಗಿದ್ದೆವು. ಎರಡು ಜೀಪಿನಲ್ಲಿ ಹದಿನೆಂಟು ಜನ. ರಾತ್ರಿ ಎರಡು ಗಂಟೆಗೆ ಎದ್ದು ಬಿರಿಯಾನಿ ಮಾಡಿ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹೋದೆ. ಅಲ್ಲಿ ಬಡಿಸಿದೆ, ಪಾತ್ರೆ ತೊಳೆದೆ, ಬಂದೆ. ಜಲಪಾತ ಹೇಗಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನೆನಪಿರುವುದು ಪಾತ್ರೆಯ ಬಿಸಿ ಮಾತ್ರ. ಬಿರಿಯಾನಿ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.”

ಮುಂದಿನ ಸೀಟಿನಲ್ಲಿ ನಕಾಶೆ ನೋಡುತ್ತಿದ್ದ ನಮ್ಮವರು ಏನೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಬಂದು ನನ್ನ ಕೈಯಿಂದ ಸ್ಪಂಜು ತೆಗೆದುಕೊಂಡರು.

ಮರುದಿನದಿಂದ ಹೊಸ ನಿಯಮ. ಬಿಸಿ ಅಡುಗೆ ರಾತ್ರಿ ಒಮ್ಮೆ ಮಾತ್ರ. ಊರಿನಿಂದಲೇ ಮಸಾಲೆ ಹಚ್ಚಿ ಹೆಪ್ಪುಗಟ್ಟಿಸಿ ತಂದ ಕೋಳಿ, ಅದಕ್ಕೊಂದು ಅನ್ನ. ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಮಧ್ಯಾಹ್ನ ಮೊಸರು ಕಲಸಿದ ಅವಲಕ್ಕಿ, ಹಣ್ಣು. ಪಾತ್ರೆ ನಮ್ಮವರದು, ಒರೆಸುವುದು ಮಗಳದು, ಚಮಚ ಎಣಿಸುವುದು ಮಗನದು. ನೀರು ಹೇಗೆ ಉಳಿಸಬೇಕೆಂದು ಅತ್ತೆ ಒಂದು ಚೊಂಬು ಹಿಡಿದು ಎಲ್ಲರಿಗೂ ಕಲಿಸಿದರು. ಯಾರೂ ಹಸಿದು ಮಲಗಲಿಲ್ಲ. ಸಾರಿಲ್ಲವೆಂದು ಯಾರೂ ಅಳಲೂ ಇಲ್ಲ.

ಕೈ ಖಾಲಿಯಾದಾಗ ಕಂಡದ್ದು

ಆಮೇಲಿನ ಎರಡು ದಿನಗಳಲ್ಲಿ ನಾನು ಕಂಡದ್ದು ಎಷ್ಟು! ಸರೋವರದ ದಂಡೆಯಲ್ಲಿ ನಮಾಝಿಗೆ ನಿಂತಾಗ ಅತ್ತೆ ಅಭ್ಯಾಸಬಲದಿಂದ ಪಶ್ಚಿಮಕ್ಕೆ ತಿರುಗಿದರು. ದಿಕ್ಸೂಚಿ ಉತ್ತರದಿಂದ ಸ್ವಲ್ಪ ಪೂರ್ವಕ್ಕೆ ವಾಲಿದ ದಿಕ್ಕನ್ನು ತೋರಿಸಿತು. ಗುಂಡಗಿನ ಭೂಮಿಯ ಮೇಲೆ ಅಲ್ಲಿಂದ ಮಕ್ಕಾಕ್ಕೆ ಹತ್ತಿರದ ದಾರಿ ಅದೇ.

ಫಿಶಿಂಗ್ ಬ್ರಿಡ್ಜ್ ಎಂದರೆ ಮೀನು ಹಿಡಿಯುವ ಸೇತುವೆ. ಆದರೆ 1937ರಲ್ಲಿ ಕಟ್ಟಿದ ಈ ಸೇತುವೆಯ ಮೇಲೆ 1973ರಿಂದ ಮೀನು ಹಿಡಿಯುವಂತಿಲ್ಲ. ಮೊಟ್ಟೆಯಿಡಲು ಬರುವ ಟ್ರೌಟ್ ಮೀನುಗಳನ್ನು ಉಳಿಸಲು ಈ ನಿಷೇಧ. ಕರಾವಳಿಯವರಾದ ನಾವು ಬಗ್ಗಿ ನೋಡಿ ಬಾಯಲ್ಲಿ ನೀರೂರಿಸಿಕೊಂಡು ಬಂದೆವು, ಅಷ್ಟೇ.

ಹೇಡನ್ ಕಣಿವೆಯಲ್ಲಿ ಕಾಡೆಮ್ಮೆಗಳ ಹಿಂಡು ರಸ್ತೆ ದಾಟಿತು. ಅರ್ಧ ಗಂಟೆ ವಾಹನಗಳೆಲ್ಲ ನಿಂತವು. “ನಮ್ಮ ಕಾಟಿಗೆ ಕಂಬಳಿ ಹೊದಿಸಿದಂತಿದೆ” ಎಂದರು ಅತ್ತೆ. ಗಂಡು ಕಾಡೆಮ್ಮೆ 900 ಕಿಲೋ ತೂಗಬಲ್ಲದು, ಆದರೂ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಅವುಗಳಿಂದ 25 ಗಜ, ಕರಡಿ, ತೋಳಗಳಿಂದ 100 ಗಜ ದೂರವಿರಬೇಕೆಂಬುದು ನಿಯಮ. ಬೇಟೆಯಿಂದಾಗಿ 1902ರ ಹೊತ್ತಿಗೆ ಇಲ್ಲಿ ಉಳಿದದ್ದು ಎರಡು ಡಜನ್‌ನಷ್ಟು ಮಾತ್ರ. ಕಾಪಾಡಿದ್ದರಿಂದ ಅವು ಮತ್ತೆ ಸಾವಿರಗಟ್ಟಲೆಯಾದವು.

ಇನ್ನೊಂದು ದಿನ ಯೆಲ್ಲೋಸ್ಟೋನ್ ನದಿಯ ಕೆಳಗಿನ ಜಲಪಾತ ನೋಡಲು ಹೋದೆವು. ಎತ್ತರ 94 ಮೀಟರ್. ಸುತ್ತ ಹಳದಿ, ಕೆಂಪು ಬಂಡೆಗಳ ಕಮರಿ. ಅತ್ತೆ ನೋಟದ ಕಟ್ಟೆಯ ಮೇಲೆ ಕುಳಿತು ತುಂಬ ಹೊತ್ತು ನೋಡಿದರು. “ನಮ್ಮ ಜೋಗ ಇದಕ್ಕಿಂತ ಎತ್ತರ ಅಲ್ಲವಾ ಮಗಾ?” ಎಂದು ಮಗನನ್ನು ಕೇಳಿದರು. “ಹೌದು ಉಮ್ಮಾ, 253 ಮೀಟರ್.” “ಊರಿಗೆ ಬಂದಾಗ ನನ್ನನ್ನೊಮ್ಮೆ ಕರೆದುಕೊಂಡು ಹೋಗು. ಈ ಸಲ ನೋಡುತ್ತೇನೆ” ಎಂದರು.

ಮತ್ತೆ ಓಲ್ಡ್ ಫೇಯ್ತ್‌ಫುಲ್

ಕೊನೆಯ ದಿನ ಮರಳುವ ದಾರಿಯಲ್ಲಿ ಅಲ್ಲಿಗೇ ಹೋದೆವು. ಮಗಳು ಮಕ್ಕಳಿಗಾಗಿ ಇರುವ ‘ಜೂನಿಯರ್ ರೇಂಜರ್’ ಪುಸ್ತಿಕೆ ತುಂಬಿಸಿ ಮುಗಿಸಿದ್ದಳು. ರೇಂಜರ್ ಮುಂದೆ ನಿಂತು, ಕಾಡನ್ನು ಕಾಪಾಡುವೆನೆಂದು ಪ್ರತಿಜ್ಞೆ ಮಾಡಿದಳು. ಗೀಸರ್ ಯಾಕೆ ಚಿಮ್ಮುತ್ತದೆ ಎಂದು ಆಕೆ ಕೇಳಿದಾಗ ನನ್ನ ಮಗಳು ತಡವರಿಸದೆ ಹೇಳಿದಳು: “ನನ್ನ ಉಮ್ಮಾನ ಕುಕ್ಕರ್ ಹಾಗೆ!”

ಉತ್ತರ ಸರಿಯೇ ಆಗಿತ್ತು. ನೆಲದಾಳದ ನೀರು ಮೇಲಿನ ನೀರಿನ ಭಾರದಿಂದಾಗಿ, ಕುದಿಯುವ ಮಟ್ಟ ದಾಟಿ ಬಿಸಿಯಾದರೂ ಆವಿಯಾಗುವುದಿಲ್ಲ. ಇಕ್ಕಟ್ಟಾದ ದಾರಿಯಿಂದ ಮೇಲಿನ ಒಂದಿಷ್ಟು ನೀರು ಉಕ್ಕಿದೊಡನೆ ಒತ್ತಡ ತಗ್ಗುತ್ತದೆ. ಆಗ ಕೆಳಗಿನದ್ದೆಲ್ಲ ಒಮ್ಮೆಲೇ ಆವಿಯಾಗಿ ಮೇಲಕ್ಕೆ ಚಿಮ್ಮುತ್ತದೆ.

ಬೆಂಚಿನ ಮೇಲೆ ಒಂದು ಗಂಟೆಗೂ ಹೆಚ್ಚು ಕಾದೆವು. ಮಗ ನನ್ನ ಮಡಿಲಲ್ಲಿ ನಿದ್ದೆ ಹೋದ. ನನ್ನ ಕೈಯಲ್ಲಿ ಚಮಚವಿರಲಿಲ್ಲ, ಡಬ್ಬವಿರಲಿಲ್ಲ. ಮೊದಲು ಸ್ವಲ್ಪ ಉಕ್ಕಿತು, ನಿಂತಿತು, ಮತ್ತೆ ಉಕ್ಕಿತು. ಆಮೇಲೆ ಬಿಳಿಯ ಕಂಬವೊಂದು ಆಕಾಶಕ್ಕೆ ಎದ್ದಿತು. ಮಗಳು ನೀರನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಸಹೋದರಿಯರೇ, ಯೆಲ್ಲೋಸ್ಟೋನ್‌ಗೇ ಹೋಗಬೇಕೆಂದಿಲ್ಲ. ಜೋಗವಿರಲಿ, ನಾಗರಹೊಳೆಯಿರಲಿ, ಊರಿನ ಸಮೀಪದ ಕಡಲ ಕಿನಾರೆಯಿರಲಿ, ಬುತ್ತಿ ಕಟ್ಟಿಕೊಂಡೇ ಹೋಗಿ. ಮಕ್ಕಳ ಕೈಯನ್ನು ಗಟ್ಟಿಯಾಗಿ ಹಿಡಿಯಿರಿ. ಆದರೆ ಬುತ್ತಿ ಸಣ್ಣದಿರಲಿ, ಅದನ್ನು ಹೊರುವ ಕೈಗಳು ಹೆಚ್ಚಿರಲಿ. ಮರಳಿ ಬಂದಾಗ ಏನು ನೋಡಿದೆ ಎಂದು ಮಕ್ಕಳು ಕೇಳಿದರೆ ಹೇಳಲು ನಿಮ್ಮ ಬಳಿಯೂ ಏನಾದರೂ ಇರಬೇಕು.