ನಮ್ಮ ಹಳೆಯ ಮೋಟಾರು

ಈ ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯರಿಂದ ಒಂದು ಲೇಖನ ಬರಲೇಬೇಕೆಂದು ಸಂಪಾದಕ ಮಂಡಲಿಯವರು ಒತ್ತಾಯಪಡಿಸಿದಾಗ, ಸ್ತ್ರೀವಿದ್ಯಾಭ್ಯಾಸವನ್ನು ಕುರಿತು ನಾಲ್ಕು ಮಾತು ಬರೆದುಕೊಟ್ಟರಾಯಿತೆಂದು ಮೊದಲು ಎಣಿಸಿದ್ದೆವು. ಆದರೆ 2019ನೆಯ ಇಸವಿಯ ಜನವರಿಯಲ್ಲಿ ದೇವಿಮನೆ ಘಟ್ಟದಲ್ಲಿ ನಡೆದುದೇನೆಂದು ಪಾಲಕರಲ್ಲಿ ಹಲವರು ಇಂದಿಗೂ ಕೇಳುತ್ತಿರುವರು. ಕೇಳದವರು ತಮಗೆ ತೋರಿದಂತೆ ಹೇಳುತ್ತಿರುವರು. ಆದಕಾರಣ ಅದನ್ನೇ ಬರೆಯುವುದು ಯುಕ್ತವೆಂದು ತೋರಿತು.

ಮೊದಲು ಮೋಟಾರಿನ ವೃತ್ತಾಂತ. ಅದು 1950ನೆಯ ಇಸವಿಯ ಮೋರಿಸ್ ಮೈನರ್, ಎಂದರೆ ನಮ್ಮ ಜಿಲ್ಲೆಯು ಇನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲದ್ದು. ಯಲ್ಲಾಪುರದಲ್ಲಿದ್ದ ನಮ್ಮ ತಂದೆಯವರು ಅದನ್ನು ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರಿಂದ 1974ರಲ್ಲಿ ಕೊಂಡರು. ಈ ಜಾತಿಯ ಗಾಡಿಯನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್ ಎಂಬವರು. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದು ಮೊದಲು ಜನರ ಕಣ್ಣಿಗೆ ಬಿತ್ತು. ಮಾದರಿ ಸಿದ್ಧವಾದ ಮೇಲೆ ಅದು ತೀರ ಕಿರಿದಾಯಿತೆಂದು ತೋರಿದ್ದರಿಂದ, ನಡುವೆ ಉದ್ದಕ್ಕೂ ಸೀಳಿಸಿ, ಎರಡು ಹೋಳುಗಳನ್ನು ನಾಲ್ಕು ಅಂಗುಲ ದೂರ ಸರಿಸಿ ನೋಡಿದರಂತೆ. ಹೀಗೆ ಸೇರಿಸಿದ ಪಟ್ಟಿಯು ಮುಂಭಾಗದ ಮುಚ್ಚಳದ ಮೇಲೆ ಇಂದಿಗೂ ಕಾಣುತ್ತದೆ. ಬಾಲ್ಯದಲ್ಲಿ ನಾವು ಅದನ್ನು ಅಂಗೈಯಿಂದ ಅಳೆಯುತ್ತಿದ್ದೆವು. ತಿರುವಿನಲ್ಲಿ ಬಾಗಿಲ ಪಕ್ಕದಿಂದ ಹೊರಚಾಚುವ ದೀಪದ ಪುಟ್ಟ ಕೈಗಳನ್ನು ನೋಡುವುದಕ್ಕೆ ಕೇರಿಯ ಮಕ್ಕಳೆಲ್ಲ ಓಡಿಬರುತ್ತಿದ್ದರು.

1996ರಲ್ಲಿ ತಂದೆಯವರ ದೃಷ್ಟಿ ಮಂದವಾಯಿತು. ಗಾಡಿ ಕೊಟ್ಟಿಗೆ ಸೇರಿತು. 2015ರಲ್ಲಿ ಅವರು ತೀರಿಕೊಂಡ ಬಳಿಕ, ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟುಬಿಡೋಣವೆಂದು ನಮ್ಮ ತಮ್ಮಂದಿರು ಹುಬ್ಬಳ್ಳಿಯಿಂದ ಬರೆದರು. ನಾವು ಒಪ್ಪಲಿಲ್ಲ. ಲಾರಿಯ ಮೇಲೆ ಹೇರಿಸಿ ಮಂಚಿಕೇರಿಯ ದಾರಿಯಾಗಿ ಶಿರಸಿಗೆ ತರಿಸಿದೆವು. ಇಪ್ಪತ್ತು ಮಳೆಗಾಲಗಳು ಬಾಗಿಲ ಕೆಳಗಣ ತಗಡನ್ನು ಹಪ್ಪಳದಂತೆ ಮಾಡಿದ್ದವು. ತಂತಿಗಳನ್ನು ಇಲಿಗಳು ತಿಂದಿದ್ದವು. ವಯೋವೃದ್ಧರಾದ ಮೇಸ್ತ್ರಿಗಳೊಬ್ಬರು ಎರಡು ವರ್ಷ ಬಿಡುವಾದಾಗಲೆಲ್ಲ ತಗಡನ್ನು ಕತ್ತರಿಸಿ ಬೆಸೆದು ಕೊಟ್ಟರು. ಬ್ರೇಕಿನ ರಬ್ಬರುಗಳನ್ನು ಇಂಗ್ಲೆಂಡಿನಿಂದ ಅಂಚೆಯಲ್ಲಿ ತರಿಸಿಕೊಂಡೆವು. ಆ ದೇಶದಲ್ಲಿ ಇಂದಿಗೂ ಇದರ ಬಿಡಿಭಾಗಗಳು ದೊರೆಯುತ್ತವೆ. ಒಟ್ಟು ಖರ್ಚು ನಮ್ಮ ಒಂದು ವರ್ಷದ ಸಂಬಳದ ಸಮೀಪಕ್ಕೆ ಬಂದಿತು. ಮುಖ್ಯೋಪಾಧ್ಯಾಯಿನಿಗೆ ಇದೇನು ಹುಚ್ಚೆಂದು ಊರು ನಕ್ಕಿದ್ದನ್ನೂ ಬಲ್ಲೆವು.

ಈ ಗಾಡಿಯ ಯಂತ್ರದಲ್ಲಿ ನೀರನ್ನು ತಳ್ಳುವ ಪಂಪು ಇಲ್ಲ. ಕಾದ ನೀರು ಹಗುರವಾಗಿ ತಾನೇ ಮೇಲೇರಿ ರೇಡಿಯೇಟರಿಗೆ ಹೋಗುತ್ತದೆ. ತಣಿದ ನೀರು ಭಾರವಾಗಿ ಕೆಳಗಿಳಿದು ಯಂತ್ರಕ್ಕೆ ಮರಳುತ್ತದೆ. ತರಗತಿಯಲ್ಲಿ ಗಾಜಿನ ಪಾತ್ರೆಯಲ್ಲಿ ತೋರಿಸುವ ಪಾಠವೇ ರಸ್ತೆಯ ಮೇಲೆ ಓಡುತ್ತಿರುವುದನ್ನು ಕಂಡು ವಿಜ್ಞಾನದ ಉಪಾಧ್ಯಾಯಿನಿಗೆ ಆಗುವ ಹಿಗ್ಗನ್ನು ವಾಚಕರು ಕ್ಷಮಿಸಬೇಕು. ಆ ಹಿಗ್ಗೇ ನಮ್ಮನ್ನು ಘಟ್ಟಕ್ಕೆ ಕರೆದೊಯ್ದಿತು.

ಕುಮಟೆಯಲ್ಲಿ ಒಂದು ವಿಜ್ಞಾನ ಪ್ರದರ್ಶನವಿತ್ತು. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರನ್ನು ಬಸ್ಸಿನಲ್ಲಿ ಕರೆದೊಯ್ಯುವುದಾಗಿ ಪಾಲಕರಿಗೆ ತಿಳಿಸಿದ್ದೆವು. ಬೆಳಗ್ಗೆ ಎದ್ದಾಗ ಮಾತ್ರ, ಗಾಡಿಯಲ್ಲೇ ಹೋಗೋಣವೆಂಬ ಮನಸ್ಸಾಯಿತು. ಅದನ್ನು ಕುಮಟೆಯವರಿಗೆ ತೋರಿಸಬೇಕೆಂಬ ಆಸೆಯಿತ್ತು. ಬೇರೆ ಕಾರಣ ಇರಲಿಲ್ಲ.

ಹೊರಡುವ ಮುನ್ನ ಬ್ರೇಕಿನ ಎಣ್ಣೆ ಕಡಿಮೆಯಾಗಿರುವುದು ಕಂಡಿತು. ಇದರ ಕುಪ್ಪಿಯು ಚಾಲಕರ ಕಾಲಡಿಯಲ್ಲಿ, ನೆಲದ ತಗಡಿನ ಕೆಳಗಿದೆ. ಹಿಂದಿನ ವರ್ಷ ಒಡೆದ ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಆ ವರ್ಷ ಬ್ರೇಕಿಗೆ ತುಂಬಿದ್ದುದೂ ಅದರದೇ. ಮಿಷನ್ ಶಾಲೆಯಲ್ಲಿ ಬೆಳೆದ ನಮಗೆ ಉಳಿದುದನ್ನು ಚೆಲ್ಲಿ ಗೊತ್ತಿಲ್ಲ, ಅದನ್ನೇ ಸುರಿದೆವು. ಉಪ್ಪಿನ ಭರಣಿಯೇ ನೀರೊಡೆಯುವ ಶಿರಸಿಯ ಮಳೆಗಾಲವಿಡೀ ಆ ಡಬ್ಬಿ ಸಡಿಲ ಮುಚ್ಚಳದಲ್ಲಿ ಕುಳಿತಿತ್ತು. ಬ್ರೇಕಿನ ಎಣ್ಣೆಯೆಂಬುದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಕ್ಯಾಲ್ಸಿಯಂ ಕ್ಲೋರೈಡನ್ನು ತಟ್ಟೆಯಲ್ಲಿಟ್ಟು ಇದೇ ಗುಣವನ್ನು ಹದಿನೈದು ವರ್ಷ ಹುಡುಗಿಯರಿಗೆ ತೋರಿಸಿದವರು ನಾವು.

ಏರುವ ಗೇರಿನಲ್ಲೇ ಇಳಿಯಬೇಕೆಂಬುದು ತಂದೆಯವರ ಕಟ್ಟಳೆ. ನಾವಾದರೋ ಮೂರನೆಯ ಗೇರಿನಲ್ಲಿ, ಮಾತನಾಡುತ್ತ, ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುತ್ತಿದ್ದೆವು. ಡ್ರಮ್ಮುಗಳು ಕಾದವು, ಎಣ್ಣೆಯಲ್ಲಿದ್ದ ನೀರು ಕುದಿದು ಆವಿಯಾಯಿತು. ದ್ರವವನ್ನು ಒತ್ತಿದರೆ ಬಲವು ಚಕ್ರಕ್ಕೆ ಮುಟ್ಟುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಅಷ್ಟೇ. ಒಂದು ತಿರುವಿನಲ್ಲಿ ಪೆಡಲು ಸದ್ದಿಲ್ಲದೆ ನೆಲಕ್ಕೆ ಹೋಯಿತು. ಕ್ಲಚ್ಚನ್ನು ಎರಡು ಸಲ ತುಳಿದು ಎರಡನೆಯ ಗೇರಿಗೆ ತಂದೆವು, ಯಂತ್ರ ಅರಚಿತು, ತಂತಿಯಿಂದ ನಡೆಯುವ ಕೈಬ್ರೇಕನ್ನು ಎಳೆದು, ಗುಡ್ಡದ ಕಡೆಯ ಚರಂಡಿಗೆ ಎಡಗಾಲಿಗಳನ್ನು ಇಳಿಸಿದೆವು. ಗಾಡಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಕುಳಿತಿದ್ದ ಹುಡುಗಿ ಮಾದರಿಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಅವುಚಿ ಹಿಡಿದೇ ಇದ್ದಳು. ಮುಂದಿದ್ದವಳು ಇಳಿದು, ಯಾರೂ ಹೇಳದೆಯೇ, ಚಕ್ರಗಳ ಮುಂದೆ ಕಲ್ಲಿಟ್ಟಳು. ನಮ್ಮ ಕೈ ನಡುಗುತ್ತಿದ್ದುದನ್ನು ಅವಳು ನೋಡಿದಳು, ನೋಡದವಳಂತೆ ಇನ್ನೊಂದು ಕಲ್ಲು ತಂದಳು.

ಅರ್ಧ ಗಂಟೆ ಕಳೆದು ಎಣ್ಣೆ ತಣ್ಣಗಾದಾಗ ಪೆಡಲು ಮತ್ತೆ ಗಟ್ಟಿಯಾಯಿತು. ಹೊರಟುಬಿಡೋಣವೆಂದು ಕ್ಷಣಕಾಲ ಅನಿಸಿದ್ದನ್ನು ಇಲ್ಲಿ ಮರೆಮಾಚುವುದಿಲ್ಲ. ಅಷ್ಟರಲ್ಲಿ ಬಸ್ಸು ಬಂದಿತು, ಮೂವರೂ ಏರಿದೆವು.

ಸೋಮವಾರ, ಕಲ್ಲಿಟ್ಟ ಹುಡುಗಿಯ ತಾಯಿ ಸಿದ್ದಾಪುರದ ಕಡೆಯ ತಮ್ಮ ಹಳ್ಳಿಯಿಂದ ಬಂದರು. ಅಡಿಕೆ ತೋಟದ ಕೂಲಿಯ ಒಂದು ದಿನವನ್ನು ಕಳೆದುಕೊಂಡು ಬಂದವರು. ಎಣ್ಣೆ, ಆವಿ ಇವುಗಳನ್ನೆಲ್ಲ ವಿವರಿಸುವುದಕ್ಕೆ ನಾವು ಸಿದ್ಧರಾಗಿ ಕುಳಿತಿದ್ದೆವು. ಅವರು ಕೇಳಿದ್ದು ಒಂದೇ ಮಾತು:

“ಬಸ್ಸು ಇತ್ತಲ್ರಾ, ಅಕ್ಕೋರೇ?”

“ಇತ್ತು” ಎಂದೆವು.

ಅವರು ನೀರು ಕುಡಿದು, ಮಗಳೊಡನೆ ಸ್ವಲ್ಪ ಹೊತ್ತು ಕುಳಿತು, ಮಧ್ಯಾಹ್ನದ ಬಸ್ಸಿಗೆ ಹೋದರು. ಮಗಳನ್ನು ಶಾಲೆ ಬಿಡಿಸುವರೆಂದು ಆ ವಾರವೆಲ್ಲ ನಿದ್ರೆಯಿರಲಿಲ್ಲ. ಬಿಡಿಸಲಿಲ್ಲ.

ಅಂದಿನಿಂದ ವಿದ್ಯಾರ್ಥಿನಿಯರಾರೂ ಆ ಗಾಡಿಯಲ್ಲಿ ಕುಳಿತಿಲ್ಲ. ಪ್ರತಿವರ್ಷ ಮಳೆ ನಿಂತ ಮೇಲೆ ಹಳೆಯ ಎಣ್ಣೆಯನ್ನು ಪೂರ್ತಿ ತೆಗೆದು, ಹೊಸ ಡಬ್ಬಿ ಒಡೆದು ತುಂಬಿಸುತ್ತೇವೆ. ತಾರೀಖನ್ನು ಕೊಟ್ಟಿಗೆಯ ಬಾಗಿಲ ಮೇಲೆ ಸುಣ್ಣದಿಂದ ಬರೆಯುತ್ತೇವೆ. ಉಳಿದುದನ್ನು ಇಡುವುದಿಲ್ಲ.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಆ ಹುಡುಗಿಯೂ ಬಂದಿದ್ದಳು. ಬಾಗಿಲ ಮೇಲಿನ ತಾರೀಖುಗಳನ್ನೆಲ್ಲ ಓದಿ, “ನಾನೀಗ ಶಾಲೆಯ ಹುಡುಗಿಯಲ್ಲವಲ್ಲ, ಅಕ್ಕೋರೇ. ಯಲ್ಲಾಪುರದವರೆಗೆ ಕರಕೊಂಡು ಹೋಗ್ತೀರಾ?” ಎಂದಳು. ತಾಯಿಯನ್ನು ಕೇಳಿ ಬಾ ಎಂದೆವು. ಉತ್ತರ ಇನ್ನೂ ಬಂದಿಲ್ಲ.